ಸಂಜೆ ಏಳರ ಬಾಟಲಿ

ಊರಿನವರು ಮಿಂದು, ತೊಳೆದು, ಚೆಲ್ಲಿ, ಆಮೇಲೆ ಮರೆತೇಬಿಡುವ ನೀರೆಲ್ಲ ಕೊನೆಗೆ ಬಂದು ಸೇರುವ ಜಾಗದಲ್ಲಿ ನೀಲಕ್ಕನಿಗೆ ಇಪ್ಪತ್ತಾರು ವರ್ಷದಿಂದ ಕೆಲಸ. ಕೊಳಚೆ ನೀರಿನ ಶುದ್ಧೀಕರಣ ಘಟಕದ ಪ್ರಯೋಗಾಲಯದಲ್ಲಿ ಅವಳು ಪರೀಕ್ಷಕಿ. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ನೀರಿನಲ್ಲಿ ಫಾಸ್ಫೇಟ್ ಎಷ್ಟಿದೆ ಎಂದು ತಿಳಿಯಬೇಕಾದರೆ ಆಮ್ಲದ ಜೊತೆ ಒಂದೆರಡು ರಾಸಾಯನಿಕ ಬೆರೆಸಬೇಕು. ಫಾಸ್ಫೇಟ್ ಇದ್ದರೆ ನೀರು ನೀಲಿಯಾಗುತ್ತದೆ; ಹೆಚ್ಚಿದ್ದಷ್ಟೂ ಕಡುನೀಲಿ. ಆ ನೀಲಿ ಅವಳ ಕೋಟಿನ ತೋಳಿಗೆ, ಜೇಬಿನ ಅಂಚಿಗೆ, ಒಮ್ಮೊಮ್ಮೆ ಮೂಗಿನ ತುದಿಗೂ ಹತ್ತಿಕೊಂಡಿರುತ್ತಿತ್ತು. ಗೇಟಿನ ಕಾವಲುಗಾರ ತಮಾಷೆಗೆ ಇಟ್ಟ ಹೆಸರು ಮ್ಯಾನೇಜರ್ ಬಾಯಿಗೂ ಅಂಟಿಕೊಂಡಿತು.

ಗಂಡನಿಗೂ ಅದೇ ಘಟಕದಲ್ಲಿ ಕೆಲಸ. ತೊಟ್ಟಿಗಳ ತಳದಲ್ಲಿ ಇಳಿದು ನಿಲ್ಲುವ ಕೆಸರನ್ನು ದೊಡ್ಡ ಪ್ರೆಸ್ಸಿಗೆ ಹಾಕಿ ಹಿಂಡಿ, ಒಣ ಹೆಂಟೆ ಮಾಡಿ ಲಾರಿಗೆ ತುಂಬಿಸುವವನು ಅವನು. ಪರಿಚಯವಾದದ್ದು, ಜಗಳವಾಡಿದ್ದು, ಮದುವೆಯ ಮಾತೆತ್ತಿದ್ದು ಎಲ್ಲ ಆ ಕಾಂಪೌಂಡಿನೊಳಗೇ. "ನಮ್ಮ ಮನೇಲಿ ಪಾಲು ಸರಿಯಾಗಿ ಆಗಿದೆ, ನೀರು ಅವಳಿಗೆ, ಕೆಸರು ನನಗೆ" ಎಂದು ಅವನು ಕಂಡವರಿಗೆಲ್ಲ ಹೇಳುತ್ತಿದ್ದ. ಅತ್ತೆಯ ವರಸೆ ಬೇರೆ. ಸೊಸೆಯ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ, "ಓದಿದ್ದು ರಸಾಯನಶಾಸ್ತ್ರ, ಅಳೆಯೋದು ಕಕ್ಕಸಿನ ನೀರು" ಎಂದು ಒಂದೇ ಉಸಿರಿನಲ್ಲಿ ಹೊಗಳಿ ತೆಗಳಿ ಮುಗಿಸುತ್ತಿದ್ದರು.

ಕೆಲಸಕ್ಕೆ ಸೇರಿದ ಮೊದಲ ವಾರ ಅವಳು ಮಾಡಿಕೊಂಡ ಎಡವಟ್ಟು ಅವಳಿಗೆ ಇವತ್ತಿಗೂ ನೆನಪಿದೆ. ಒಳ್ಳೆಯ ಹೆಸರು ತೆಗೆದುಕೊಳ್ಳೋಣವೆಂದು ಗಾಜಿನ ಪಾತ್ರೆಗಳನ್ನೆಲ್ಲ ಸೋಪಿನ ಪುಡಿ ಹಾಕಿ ಫಳಫಳ ಹೊಳೆಯುವಂತೆ ತೊಳೆದಿಟ್ಟಳು. ಮರುದಿನ ಫಾಸ್ಫೇಟಿನ ಲೆಕ್ಕ ಆಕಾಶಕ್ಕೆ ಏರಿತು. ಹಳೆಯ ರಸಾಯನಜ್ಞರು ಒಂದು ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು. "ನೀನು ಅಳೆದಿದ್ದು ಊರಿನ ನೀರಲ್ಲಮ್ಮ, ನಿನ್ನ ಸೋಪನ್ನ." ಕಣ್ಣಿಗೆ ಕಾಣದಷ್ಟು ಸೋಪು ಗಾಜಿಗೆ ಅಂಟಿಕೊಂಡಿದ್ದರೂ ಸಾಕು, ಅದರೊಳಗಿನ ಫಾಸ್ಫೇಟು ಲೆಕ್ಕವನ್ನೆಲ್ಲ ತಲೆಕೆಳಗು ಮಾಡುತ್ತದೆ. ಅವತ್ತಿನಿಂದ ಅವಳ ಪಾತ್ರೆಗಳಿಗೆ ಆಮ್ಲದ ಸ್ನಾನ ಮಾತ್ರ. ಸೋಪಿನ ಡಬ್ಬಿ ಪ್ರಯೋಗಾಲಯದ ಹೊಸ್ತಿಲು ದಾಟಿಲ್ಲ.

ದಿನವೂ ಬೆಳಿಗ್ಗೆ ಹತ್ತಕ್ಕೆ ಅವಳು ಹೊರಗಾಲುವೆಯ ಹತ್ತಿರ ಹೋಗಿ, ಶುದ್ಧವಾಗಿ ಹೊರಬೀಳುವ ನೀರಿನಲ್ಲಿ ಒಂದು ಬಾಟಲಿ ಅದ್ದಿ ತರುತ್ತಿದ್ದಳು. ಸೋಸಿ, ಅಳೆದು, ಬೆರೆಸಿ, ಬಣ್ಣ ಬರಲು ಕಾದು, ಹನ್ನೊಂದೂವರೆಯ ಹೊತ್ತಿಗೆ ರಿಜಿಸ್ಟರಿನಲ್ಲಿ ಒಂದು ಅಂಕಿ ಬರೆಯುತ್ತಿದ್ದಳು. ಲೀಟರಿಗೆ ಒಂದು ಮಿಲಿಗ್ರಾಂ ದಾಟಬಾರದು ಎಂಬುದು ನಿಯಮ. ಅವಳ ಅಂಕಿ ಪಾಯಿಂಟ್ ಆರು, ಪಾಯಿಂಟ್ ಏಳು. ವರ್ಷಗಟ್ಟಲೆ ಅದೇ.

ಆದರೂ ಕೆರೆ ಹಸಿರಾಗುತ್ತಿತ್ತು. ಘಟಕದಿಂದ ಹೊರಟ ನೀರು ಅರ್ಧ ಗಂಟೆಯ ನಡಿಗೆಯಷ್ಟು ದೂರ ಹರಿದು ಒಂದು ದೊಡ್ಡ ಕೆರೆ ಸೇರುತ್ತದೆ. ಬೇಸಿಗೆ ಬಂತೆಂದರೆ ಅದರ ಮೇಲೆ ಬಣ್ಣದ ಡಬ್ಬಿ ಮಗುಚಿದ ಹಾಗೆ ಪಾಚಿ ಕಟ್ಟಿ, ಮೀನು ಹೊಟ್ಟೆ ಮೇಲಾಗಿ ತೇಲಿ, ದಡದ ಬೀದಿಯವರು ಕಿಟಕಿ ಮುಚ್ಚಿಕೊಂಡು ಕೂರಬೇಕಾಗುತ್ತಿತ್ತು. ಪಾಚಿಗೆ ಫಾಸ್ಫೇಟೇ ಊಟ. ಒಂದು ವರ್ಷ ಕೆರೆಯ ದೋಣಿಯವನು ಒಂದು ಬಕೆಟ್ ಹಸಿರು ನೀರು ತಂದು ಮ್ಯಾನೇಜರ ಮೇಜಿನ ಮೇಲೆ ಕುಕ್ಕಿದ. ಮ್ಯಾನೇಜರ್ ರಿಜಿಸ್ಟರ್ ತೆರೆದು ತೋರಿಸಿದರು. ದೋಣಿಯವನು ಅಂಕಿಗಳ ಮೇಲೆ ಬೆರಳಾಡಿಸಿ, "ಪುಸ್ತಕ ಚೆನ್ನಾಗಿದೆ ಸಾರ್, ಇದನ್ನೇ ಕೆರೆಗೆ ಹಾಕಿ" ಎಂದು ಹೇಳಿ ಹೊರಟುಹೋದ. ಬಾಗಿಲಲ್ಲಿ ನಿಂತಿದ್ದ ನೀಲಕ್ಕನಿಗೆ ಮುಖ ಎತ್ತಲಾಗಲಿಲ್ಲ. ಬರೆದ ಅಂಕಿ ಒಂದೂ ಸುಳ್ಳಲ್ಲ. ಆದರೆ ಕೆರೆಯೂ ಸುಳ್ಳು ಹೇಳುತ್ತಿರಲಿಲ್ಲ.

ಅವಳಿಗೆ ಐವತ್ತು ತುಂಬಿದ ವರ್ಷ ಹೊಸ ಯಂತ್ರ ಬಂತು. ಮೂರು ಪೆಟ್ಟಿಗೆಯಲ್ಲಿ ಬಂದ ಅದನ್ನು ಒಬ್ಬ ಮೆಕ್ಯಾನಿಕ್ಕು ನಾಲ್ಕು ದಿನ ಕೂತು ಜೋಡಿಸಿದ. ನೀಲಕ್ಕ ಆ ನಾಲ್ಕೂ ದಿನ ಅವನ ಕಡೆ ಬೆನ್ನು ಹಾಕಿಕೊಂಡು ಕೈಯಿಂದಲೇ ಪರೀಕ್ಷೆ ಮಾಡಿದಳು. ಐದನೆಯ ದಿನ ಅವನು ಕರೆದ.

"ಅಕ್ಕಾ, ಸಿಟ್ಟು ಆಮೇಲೆ ಮಾಡ್ಕೊಳ್ಳಿ. ಒಂದ್ಸಲ ನೋಡಿ."

ಅವಳು ನೋಡಿದಳು. ಒಂದು ತಟ್ಟೆಯ ಸುತ್ತ ಹೆಬ್ಬೆರಳಿನ ಗಾತ್ರದ ಅರವತ್ತು ಲೋಟ. ಒಂದು ಸೂಜಿ ತಾನಾಗಿ ಎದ್ದು ಬಂದು ಮೊದಲ ಲೋಟದಿಂದ ಒಂದು ಗುಟುಕು ನೀರು ಹೀರಿ, ಸ್ವಚ್ಛ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಮುಂದಿನ ಲೋಟಕ್ಕೆ ಹೋಗುತ್ತಿತ್ತು. ಹೀರಿದ ನೀರು ಬಳೆಗಳ ಹಾಗೆ ಸುತ್ತಿದ ಸಣ್ಣ ಗಾಜಿನ ಕೊಳವೆಯಲ್ಲಿ ಸಾಗುತ್ತಿತ್ತು. ಕೊಳವೆಯೋ ಬೆಂಕಿಕಡ್ಡಿಗಿಂತ ದಪ್ಪವಿರಲಿಲ್ಲ.

"ಇಷ್ಟು ಸಣ್ಣದ್ರಲ್ಲಿ ಒಂದರ ಹಿಂದೆ ಒಂದು ಬಿಟ್ರೆ ಎಲ್ಲಾ ಕಲಸಿ ಹೋಗಲ್ವಾ?"

"ಗಾಳಿ ನೋಡಿ" ಎಂದ ಅವನು.

ಅವಳು ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. ಕೊಳವೆಯ ಉದ್ದಕ್ಕೂ ಗಾಳಿಯ ಗುಳ್ಳೆಗಳು ಒಂದೇ ಅಳತೆಯಲ್ಲಿ, ಒಂದೇ ದೂರದಲ್ಲಿ, ಸಾಲುಗಟ್ಟಿ ನಡೆಯುತ್ತಿದ್ದವು. ಎರಡು ಗುಳ್ಳೆಗಳ ನಡುವೆ ಒಂದು ಚೂರು ನೀರು. ಒಂದು ಚೂರು ಇನ್ನೊಂದನ್ನು ಮುಟ್ಟುವಂತಿಲ್ಲ, ಗಾಳಿಯೇ ಗೋಡೆ. ದಾರಿಯಲ್ಲಿ ಪಕ್ಕದಿಂದ ಬಂದು ಸೇರುವ ರಾಸಾಯನಿಕ, ಆಮೇಲೆ ಮೈ ಬಿಸಿಯಷ್ಟೇ ಬಿಸಿಯಿರುವ ಒಂದು ಸುರುಳಿ, ಅಲ್ಲಿಂದ ಹೊರಬರುವಾಗ ಪ್ರತಿಯೊಂದು ಚೂರೂ ಒಂದೊಂದು ನೀಲಿ. ಕೆಲವು ಕಂಡೂ ಕಾಣದ ಹಾಗೆ, ಕೆಲವು ಗಾಢ. ಇಪ್ಪತ್ತಾರು ವರ್ಷ ತಾನು ದಿನಕ್ಕೊಂದರಂತೆ ತಂದ ನೀಲಿಗಳೆಲ್ಲ ಒಟ್ಟಿಗೆ ಮೆರವಣಿಗೆ ಹೊರಟ ಹಾಗೆ ಅನಿಸಿತು ಅವಳಿಗೆ. ಕೊನೆಯಲ್ಲಿ ಒಂದು ಪುಟ್ಟ ಕಿಟಕಿ. ಅಲ್ಲಿ ಬೆಳಕು ಹಾಯುವಾಗ ನೀಲಿ ಅದನ್ನೆಷ್ಟು ನುಂಗಿತೆಂದು ಯಂತ್ರ ಲೆಕ್ಕ ಹಾಕುತ್ತದೆ.

"ಬೆಳಕು ಎಲ್ಲಿದೆ? ಕಾಣಿಸ್ತಾನೇ ಇಲ್ಲ."

"ಕಾಣಲ್ಲ ಅಕ್ಕ. ಕೆಂಪಿನ ಆಚೆಗಿನ ಬೆಳಕು ಅದು. ನಮ್ಮ ಕಣ್ಣಿಗಿಲ್ಲ, ಅದಕ್ಕಿದೆ."

ಪರದೆಯ ಮೇಲೆ ಒಂದು ಗೆರೆ ಏರುತ್ತಿತ್ತು, ಇಳಿಯುತ್ತಿತ್ತು. ಒಂದು ನಿಮಿಷಕ್ಕೆ ಒಂದು ಶಿಖರ, ಒಂದು ಶಿಖರಕ್ಕೆ ಒಂದು ಅಂಕಿ. ನೀಲಕ್ಕ ಊಟದ ಡಬ್ಬಿ ಬಿಚ್ಚುವುದನ್ನೂ ಮರೆತು ನಿಂತುಬಿಟ್ಟಳು. ಮೆಕ್ಯಾನಿಕ್ಕು ತನ್ನ ಸಾಮಾನು ಕಟ್ಟಿಕೊಂಡು ಹೊರಟಿದ್ದೂ ಅವಳ ಗಮನಕ್ಕೆ ಬರಲಿಲ್ಲ.

ಯಂತ್ರದ ಜೊತೆಗೆ ಇನ್ನೊಂದು ಪೆಟ್ಟಿಗೆಯೂ ಬಂದಿತ್ತು. ಕಾಲುವೆಯ ಪಕ್ಕ ಇಟ್ಟರೆ ಗಂಟೆಗೊಂದರಂತೆ ಇಪ್ಪತ್ತನಾಲ್ಕು ಬಾಟಲಿಗೆ ತಾನೇ ನೀರು ತುಂಬಿಡುವ ಪೆಟ್ಟಿಗೆ. ಮೊದಲಾದರೆ ಇಪ್ಪತ್ತನಾಲ್ಕು ಬಾಟಲಿ ಪರೀಕ್ಷಿಸಲು ಅವಳಿಗೆ ಮೂರು ದಿನ ಬೇಕಿತ್ತು. ಈಗ ಅರ್ಧ ಗಂಟೆಯ ಕೆಲಸ. ಮೊದಲ ದಿನದ ಬಾಟಲಿಗಳನ್ನು ಸೋಸಿ ಯಂತ್ರಕ್ಕಿಟ್ಟಳು. ಬೆಳಗಿನ ಹತ್ತರ ಬಾಟಲಿ: ಪಾಯಿಂಟ್ ಆರು. ಎಂದಿನಂತೆ. ಮಧ್ಯಾಹ್ನದ್ದು: ಪಾಯಿಂಟ್ ಏಳು. ಸಂಜೆ ಐದರಿಂದ ಗೆರೆ ಮೇಲೇರತೊಡಗಿತು. ಏಳರ ಬಾಟಲಿಗೆ ಬರುವಷ್ಟರಲ್ಲಿ ಮೂರು ಪಾಯಿಂಟ್ ಎಂಟು.

ಅವಳಿಗೆ ಹೊಳೆದ ಮೊದಲ ಮಾತು, "ಯಂತ್ರ ಕೆಟ್ಟಿದೆ."

ಯಂತ್ರವನ್ನು ತೊಳೆದು, ಗೊತ್ತಿರುವ ಪ್ರಮಾಣದ ದ್ರಾವಣಗಳನ್ನು ಕೊಟ್ಟು ಪರೀಕ್ಷಿಸಿದಳು. ಒಂದಕ್ಕೆ ಒಂದು, ಎರಡಕ್ಕೆ ಎರಡು ಎಂದಿತು. ಇನ್ನೂ ನಂಬಿಕೆ ಬರಲಿಲ್ಲ. ಬಾಗಿಲು ಹಾಕಿಕೊಂಡು, ಆಮ್ಲದಲ್ಲಿ ಅದ್ದಿಟ್ಟಿದ್ದ ಹಳೆಯ ಪಾತ್ರೆಗಳನ್ನು ಹೊರತೆಗೆದು, ಅದೇ ಇಪ್ಪತ್ತನಾಲ್ಕರಲ್ಲಿ ಆರು ಬಾಟಲಿಗಳನ್ನು ಕೈಯಿಂದ ಪರೀಕ್ಷಿಸಿದಳು. ಏಳರ ಬಾಟಲಿಯ ಫ್ಲಾಸ್ಕು ಅವಳ ಕಣ್ಣೆದುರಿಗೇ ಮಸಿಯ ಬಣ್ಣಕ್ಕೆ ತಿರುಗಿತು. ಆರಕ್ಕೆ ಆರೂ ಯಂತ್ರ ಹೇಳಿದ ಅಂಕಿಗೇ ಬಂದು ನಿಂತವು. ತನ್ನ ಕೈಯೂ ಸರಿ, ಯಂತ್ರವೂ ಸರಿ. ತಪ್ಪಿದ್ದು ಬೆಳಗಿನ ಹತ್ತು ಗಂಟೆ. ಆ ಹೊತ್ತಿಗೆ ಹೊರಬೀಳುವುದು ನಡುರಾತ್ರಿ ಊರು ಬಿಟ್ಟ ನೀರು. ಇಪ್ಪತ್ತಾರು ವರ್ಷ ಅವಳು ಊರಿನ ನಾಡಿ ಹಿಡಿದದ್ದು ಅದು ನಿದ್ದೆಯಲ್ಲಿದ್ದಾಗ ಮಾತ್ರ.

ಮ್ಯಾನೇಜರ್ ಗೆರೆ ನೋಡಿ ಕುರ್ಚಿಯಲ್ಲಿ ಕುಸಿದರು. "ಇದು ಹೊರಗೆ ಗೊತ್ತಾದ್ರೆ ನಮ್ಮ ಗತಿ?"

"ಕೆರೆಗೆ ಆಗ್ಲೇ ಗೊತ್ತಿದೆ ಸಾರ್" ಎಂದಳು ನೀಲಕ್ಕ. "ನಮಗೇ ಗೊತ್ತಿರಲಿಲ್ಲ."

ಅವರು ಮೀಸೆ ತಿರುವಿದರು. ಆಮೇಲೆ, "ಎಲ್ಲಿಂದ ಬರ್ತಿದೆ ಹುಡುಕಿ. ಎಷ್ಟು ಬಾಟಲಿ ಬೇಕೋ ತರಿಸ್ಕೊಳ್ಳಿ" ಎಂದರು. ಆ ಒಂದು ಮಾತಿಗೆ ನೀಲಕ್ಕ ಅವರ ಎಷ್ಟೋ ಹಳೆಯ ರೇಗಾಟಗಳನ್ನು ಮನ್ನಿಸಿದಳು.

ಅವಳು ಈಗ ಪೆಟ್ಟಿಗೆಯನ್ನು ಒಳಗಾಲುವೆಯ ಪಕ್ಕ, ಊರಿನ ಕೊಳಚೆ ತೊಟ್ಟಿಗೆ ಬೀಳುವಲ್ಲಿ ಇಟ್ಟಳು. ಒಂದು ವಾರ, ದಿನವೂ ಇಪ್ಪತ್ತನಾಲ್ಕು ಬಾಟಲಿ. ಏಳು ದಿನದ ಏಳು ಗೆರೆಗಳನ್ನು ಕಾಗದದ ಮೇಲೆ ಒಂದರ ಕೆಳಗೊಂದು ಇಳಿಸಿಕೊಂಡು ಗೋಡೆಗೆ ಅಂಟಿಸಿದಳು. ನಸುಕಿನಲ್ಲಿ ಗೆರೆ ಮಲಗಿರುತ್ತಿತ್ತು. ಎಂಟರಿಂದ ಹನ್ನೊಂದರವರೆಗೆ ದೊಡ್ಡ ಗುಡ್ಡ. ಮಧ್ಯಾಹ್ನ ಇಳಿಜಾರು, ಸಂಜೆ ಸಣ್ಣ ದಿಬ್ಬ. ಊರು ಏಳುವುದು, ಮೀಯುವುದು, ಬಟ್ಟೆ ಒಗೆಯುವುದು, ಉಂಡು ತೊಳೆದು ಮಲಗುವುದು ಎಲ್ಲ ಆ ಗೆರೆಯಲ್ಲಿತ್ತು. ಬಾಗಿಲು ಹಾಕಿಕೊಂಡ ಸಾವಿರಾರು ಮನೆಗಳ ಒಳಗಿನ ದಿನಚರಿ, ಯಾರ ಗುಟ್ಟೂ ಬಯಲಾಗದ ಹಾಗೆ, ಒಂದೇ ಉಸಿರಾಟವಾಗಿ ಕಾಣುತ್ತಿತ್ತು. ಬೆಳಗಿನ ಗುಡ್ಡ ತೊಟ್ಟಿಗಳನ್ನೆಲ್ಲ ದಾಟಿ ಹೊರಬೀಳಲು ಎಂಟೊಂಬತ್ತು ಗಂಟೆ ಹಿಡಿಯುತ್ತದೆ. ಅಂದರೆ ಅದೇ ಸಂಜೆ ಏಳರ ಬಾಟಲಿ. ಹಾಗಾದರೆ ಊರಿನವರೇ ಕಾರಣ, ಊರಿಗೆ ಸ್ನಾನ ಬಿಡಿ ಎಂದು ಹೇಳಲಾದೀತೇ?

ಆ ವಾರದ ಕೊನೆಗೆ ಅತ್ತೆ ಬಂದರು. ಆಸ್ಪತ್ರೆಯಲ್ಲಿ ಕೈಮೂಳೆ ತೋರಿಸಿಕೊಂಡು ಮನೆಗೆ ಹೋಗುವ ದಾರಿಯಲ್ಲಿ, ಮಗನ ಪಾಳಿ ಮುಗಿಯುವವರೆಗೂ ಕೂರಲೆಂದು ಪ್ರಯೋಗಾಲಯಕ್ಕೆ ಬಂದವರು ಅವರು. ಮೂಗಿಗೆ ಬಟ್ಟೆ ಹಿಡಿದುಕೊಂಡೇ ಒಳಗೆ ಬಂದು, ವಾಸನೆಯೇ ಇಲ್ಲವೆಂದು ತಿಳಿದಾಗ ಸ್ವಲ್ಪ ಬೇಸರವಾದಂತೆ ಬಟ್ಟೆ ತೆಗೆದರು. ಗುಳ್ಳೆಗಳ ಸಾಲನ್ನು ಬಹಳ ಹೊತ್ತು ನೋಡಿದರು.

"ಇದರಲ್ಲಿ ನಂದೂ ಇದ್ಯೇನೇ?"

"ಇದೆ ಅತ್ತೆ. ಎಲ್ಲಾರ್ದೂ ಇದೆ. ಒಬ್ಬೊಬ್ಬರ ಮೈಯಿಂದ ದಿನಕ್ಕೆ ಒಂದು ಗ್ರಾಮಿನಷ್ಟಾದ್ರೂ ಬರುತ್ತೆ."

"ನನ್ನೊಳಗೆ ಅದು ಎಲ್ಲಿಂದ ಬಂತು?"

"ತಿಂದ ಕಾಳಿಂದ. ಕಾಳಿಗೆ ಮಣ್ಣಿಂದ, ಮಣ್ಣಿಗೆ ಬಂಡೆಯಿಂದ. ನಿಮ್ಮ ಮೂಳೆ ಗಟ್ಟಿ ನಿಂತಿರೋದೂ ಅದರಿಂದಾನೇ."

ಅತ್ತೆ ತಮ್ಮ ಪಟ್ಟಿ ಕಟ್ಟಿದ ಮಣಿಕಟ್ಟನ್ನು ಹೊಸದಾಗಿ ಕಂಡವರ ಹಾಗೆ ತಿರುಗಿಸಿ ನೋಡಿಕೊಂಡರು. "ಬಂಡೆ ನನ್ನೊಳಗೆ ಓಡಾಡ್ಕೊಂಡು ಹೋಗ್ತಿದೆ ಅನ್ನು. ಎಪ್ಪತ್ತೆಂಟು ವರ್ಷ ನಂಗೆ ಒಬ್ರೂ ಹೇಳ್ಲಿಲ್ವಲ್ಲೇ." ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಕಕ್ಕಸಿನ ನೀರು ಎಂಬ ಮಾತು ಆಮೇಲೆ ಅವರ ಬಾಯಲ್ಲಿ ಕೇಳಿಬರಲಿಲ್ಲ.

ಎದ್ದು ಹೊರಡುವಾಗ ಗೋಡೆಯ ಗೆರೆಗಳ ಮುಂದೆ ನಿಂತರು. ನೀಲಕ್ಕ ಗುಡ್ಡ ಎಂದರೆ ಏನೆಂದು ವಿವರಿಸಿದಳು. ಅತ್ತೆ ನಡುವಿನ ಒಂದು ಗೆರೆಗೆ ಬೆರಳಿಟ್ಟರು.

"ಇದರಲ್ಲಿ ಗುಡ್ಡ ಯಾಕೆ ಇಷ್ಟು ಚಿಕ್ಕದು?"

"ಅದು ಭಾನುವಾರದ್ದು."

"ಭಾನುವಾರ ನಮ್ಮೂರು ಸ್ನಾನ ಮಾಡಲ್ವೇನೇ? ನಮ್ಮನೇಲಂತೂ ವಾರದ ಬಟ್ಟೆಯೆಲ್ಲ ಅವತ್ತೇ ಒಗೆಯೋದು!"

ನೀಲಕ್ಕ ಗೋಡೆಯ ಹತ್ತಿರ ಹೋಗಿ ಆ ಗೆರೆಯನ್ನು ಮತ್ತೆ ನೋಡಿದಳು. ಭಾನುವಾರ ಊರಿನಲ್ಲಿ ನೀರು ಹೆಚ್ಚೇ ಖರ್ಚಾಗುತ್ತದೆ. ಹಾಗಿದ್ದರೂ ಗುಡ್ಡ ಕುಗ್ಗಿದೆ. ಭಾನುವಾರ ನಿಲ್ಲುವುದು ಊರಲ್ಲ. ಭಾನುವಾರ ನಿಲ್ಲುವುದು ಘಟಕದೊಳಗಿನ ಒಂದೇ ಒಂದು ಯಂತ್ರ, ಕೆಸರಿನ ಪ್ರೆಸ್ಸು. ಕೆಸರು ಹಿಂಡಿದಾಗ ಸೋರುವ ನೀರು ಒಂದು ಪೈಪಿನಲ್ಲಿ ಹರಿದು ಮತ್ತೆ ಒಳಗಾಲುವೆಗೇ ಬಂದು ಬೀಳುತ್ತದೆ, ಇನ್ನೊಮ್ಮೆ ಶುದ್ಧವಾಗಲೆಂದು. ಅವಳು ಬಾಟಲಿ ತುಂಬಿಸಿದ್ದು ಆ ಪೈಪು ಸೇರಿದ ಮೇಲಿನ ಜಾಗದಲ್ಲಿ. ಪ್ರೆಸ್ಸು ನಡೆಯುವುದು ಬೆಳಿಗ್ಗೆ ಎಂಟರಿಂದ ಹನ್ನೊಂದು. ನಡೆಸುವವನು ಅವಳ ಗಂಡ.

ಸೋಮವಾರ ಅವಳು ಗಂಡ ಚಹಾಕ್ಕೆ ಹೋದ ಹೊತ್ತು ನೋಡಿ ಆ ಪೈಪಿನ ಬಾಯಿಗೆ ಬಾಟಲಿ ಹಿಡಿದಳು. ಕದ್ದಂತೆ ಅನಿಸಿ ಬಾಟಲಿಯನ್ನು ಕೋಟಿನೊಳಗೆ ಮುಚ್ಚಿಕೊಂಡು ಬಂದಳು. ಸೋಸಿ ಯಂತ್ರಕ್ಕಿಟ್ಟರೆ ಗೆರೆ ನೆಟ್ಟಗೆ ಮೇಲೇರಿ ಪರದೆಯ ಚಾವಣಿಗೆ ತಾಗಿ ಅಲ್ಲೇ ಚಪ್ಪಟೆಯಾಯಿತು. ಅಳತೆಗೇ ಸಿಗಲಿಲ್ಲ. ಐವತ್ತು ಪಟ್ಟು ತೆಳುಮಾಡಿ ಇಟ್ಟಾಗ ಅಂಕಿ ಬಂತು: ಲೀಟರಿಗೆ ತೊಂಬತ್ತು ಮಿಲಿಗ್ರಾಂ. ಊರಿನಿಂದ ಬರುವ ಕೊಳಚೆಯಲ್ಲೇ ಇದ್ದದ್ದು ಬರೀ ಆರು.

ಆ ಸಂಜೆ ಅಡುಗೆಮನೆಯಲ್ಲಿ ಅವಳು ಹೇಳಿದಳು. ಹೇಗೆ ಹೇಳಬೇಕೆಂದು ತಿಳಿಯದೆ ಅಂಕಿಗಳನ್ನಷ್ಟೇ ಹೇಳಿದಳು. ಗಂಡ ಕೈಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟ.

"ಅಂದ್ರೆ ಇಷ್ಟು ವರ್ಷ ಕೆರೆ ಹಾಳು ಮಾಡಿದ್ದು ನಾನೇನಾ?"

"ಹಾಗಲ್ಲ ರೀ..."

"ಮತ್ತೆ ಹೇಗೆ? ಬರೆದುಕೊಟ್ಟ ಹಾಗೇ ಮಾಡಿದೀನಿ. ಒಂದು ದಿನ ತಡ ಮಾಡಿಲ್ಲ, ಒಂದು ನಟ್ಟು ಸಡಿಲ ಬಿಟ್ಟಿಲ್ಲ."

"ನಾನೂ ಹಾಗೇ ಮಾಡಿದೀನಿ. ಬರೆದುಕೊಟ್ಟ ಹತ್ತು ಗಂಟೆಗೇ ಬಾಟಲಿ ಅದ್ದಿದೀನಿ."

ಅವನು ಎರಡು ದಿನ ಮಾತಾಡಲಿಲ್ಲ. ಅತ್ತೆ ಇಬ್ಬರ ಮುಖವನ್ನೂ ನೋಡಿ, ಉಪ್ಪು ಕೇಳುವುದಕ್ಕೂ ನನ್ನನ್ನೇ ನಡುವೆ ನಿಲ್ಲಿಸಿಕೊಳ್ಳಬೇಡಿ ಎಂದು ಗದರಿಸಿದರು. ಮೂರನೆಯ ದಿನ ಮಧ್ಯಾಹ್ನ ಅವನು ಬೂಟಿನ ಕೆಸರನ್ನೂ ಒರೆಸದೆ ಪ್ರಯೋಗಾಲಯಕ್ಕೆ ಬಂದ. ಎರಡೂ ಕೈಯಲ್ಲಿ ನಾಲ್ಕು ಬಾಟಲಿ. ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಬರೆದಿದ್ದ.

"ಸೋಮವಾರದ ಕೆಸರಿಗೆ ಬೇರೆ ವಾಸನೆ ಇರುತ್ತೆ. ಮೊದಲಿಂದ್ಲೂ ನೋಡ್ತಿದೀನಿ, ಯಾರೂ ಕೇಳ್ಲಿಲ್ಲ. ಶನಿವಾರದಿಂದ ತೊಟ್ಟೀಲಿ ಕೊಳೆತಿರುತ್ತಲ್ಲ. ಬೇರೆ ಬೇರೆ ಬಕೆಟ್ಟಲ್ಲಿ ಕೆಸರು ಎತ್ತಿಟ್ಟಿದ್ದೆ. ಇದು ಈಗ ತಾನೇ ಇಳಿದ ಕೆಸರಿನ ನೀರು. ಇದು ಒಂದು ದಿನದ್ದು, ಇದು ಎರಡು ದಿನದ್ದು, ಇದು ಮೂರು. ನಿನ್ನ ಯಂತ್ರಕ್ಕೆ ಹಾಕು."

ಇಬ್ಬರೂ ಪರದೆಯ ಮುಂದೆ ಸ್ಟೂಲು ಎಳೆದುಕೊಂಡು ಕೂತರು. ಮೊದಲ ಶಿಖರ ಮೊಣಕಾಲೆತ್ತರ. ಎರಡನೆಯದು ಸೊಂಟಕ್ಕೆ. ಮೂರನೆಯದು ಭುಜಕ್ಕೆ. ನಾಲ್ಕನೆಯದು ಚಾವಣಿಗೆ. ನೀಲಕ್ಕನಿಗೆ ಆಗ ಓದಿದ್ದೆಲ್ಲ ಒಂದೊಂದಾಗಿ ಮೇಲೆದ್ದು ಬಂತು. ಗಾಳಿ ಊದುವ ತೊಟ್ಟಿಯಲ್ಲಿ ಬದುಕುವ ಸೂಕ್ಷ್ಮಜೀವಿಗಳು ನೀರಿನ ಫಾಸ್ಫೇಟನ್ನು ನುಂಗಿ ಮೈಯೊಳಗೆ ಕೂಡಿಟ್ಟುಕೊಳ್ಳುತ್ತವೆ. ಅವೇ ಕೆಸರಾಗಿ ಕೆಳಗಿಳಿದು ಗಾಳಿಯಿಲ್ಲದೆ ಬಿದ್ದಿದ್ದರೆ, ನುಂಗಿದ್ದನ್ನು ಹೊರಬಿಡುತ್ತವೆ.

"ಉಸಿರು ಕಟ್ಟಿದ್ರೆ ವಾಂತಿ ಮಾಡ್ಕೊಳ್ತಾವೆ ಅಂತಾಯ್ತು" ಎಂದ ಅವನು.

"ಅದೇ."

"ಅಷ್ಟು ಸಣ್ಣ ಜೀವ, ಹಿಡಿದಿಟ್ಟುಕೊಳ್ಳೋದೂ ಗೊತ್ತು, ಬಿಡೋದೂ ಗೊತ್ತು." ಅವನು ನಾಲ್ಕನೆಯ ಬಾಟಲಿಯನ್ನು ಬೆಳಕಿಗೆ ಹಿಡಿದ. ನೀರು ತಿಳಿಯಾಗಿತ್ತು, ಏನೂ ಇಲ್ಲದ ಹಾಗೆ. "ನೋಡಿದ್ರೆ ಕುಡೀಬೇಕು ಅನ್ಸುತ್ತೆ. ಎಷ್ಟು ಮೋಸ ಇದು!" ಎಂದು ಜೋರಾಗಿ ನಕ್ಕುಬಿಟ್ಟ. ಅವಳೂ ನಕ್ಕಳು. ಎರಡು ದಿನದ ಬಿಗುಮಾನ ಅಲ್ಲಿಗೆ ಕರಗಿತು.

ಮ್ಯಾನೇಜರಿಗೆ ಇಬ್ಬರೂ ಒಟ್ಟಿಗೇ ಹೋಗಿ ಹೇಳಿದರು. ಕೆಸರನ್ನು ಕೂಡಿಡದೆ ತಾಜಾ ಇರುವಾಗಲೇ ಹಿಂಡುವುದು. ಮೂರು ಗಂಟೆಯಲ್ಲಿ ಮುಗಿಸುವ ಬದಲು ಪ್ರೆಸ್ಸನ್ನು ದಿನವಿಡೀ ನಿಧಾನವಾಗಿ ನಡೆಸುವುದು. ಹಿಂದಿರುಗುವ ನೀರಿಗೆ ಫಾಸ್ಫೇಟನ್ನು ಕಟ್ಟಿಹಾಕುವ ಕಬ್ಬಿಣದ ಲವಣ ಬೆರೆಸುವುದು. ಭಾನುವಾರಕ್ಕೆ ಒಂದು ಪಾಳಿ. ಭಾನುವಾರದ ಮೊದಲ ಪಾಳಿಗೆ ಗಂಡ ತಾನೇ ಹೆಸರು ಕೊಟ್ಟ. ಮೂರು ವಾರ ನೀಲಕ್ಕ ದಿನವೂ ಇಪ್ಪತ್ತನಾಲ್ಕು ಬಾಟಲಿ ಓಡಿಸಿದಳು. ಸಂಜೆ ಏಳರ ಅಂಕಿ ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ, ಕೊನೆಗೆ ಪಾಯಿಂಟ್ ಐದಕ್ಕೆ ಇಳಿಯಿತು. ಹೊರಗಾಲುವೆಯ ಗೆರೆ ಇಡೀ ದಿನ ನೆಲಕ್ಕಂಟಿ ಮಲಗಿದ್ದನ್ನು ಕಂಡ ಬೆಳಿಗ್ಗೆ ಅವಳು ಪ್ರೆಸ್ಸಿನ ಶೆಡ್ಡಿನವರೆಗೆ ಕೋಟಿನಲ್ಲೇ ಓಡಿದಳು. ಯಂತ್ರದ ಸದ್ದಿಗೆ ಮಾತು ಕೇಳಿಸಲಿಲ್ಲ. ಅಂಗೈಯನ್ನು ಗಾಳಿಯಲ್ಲಿ ಚಪ್ಪಟೆಯಾಗಿ ಎಳೆದು ತೋರಿಸಿದಳು, ಅವನಿಗೆ ಅರ್ಥವಾಯಿತು.

ಮ್ಯಾನೇಜರ್ ಹಳೆಯ ಅಂಕಿಯನ್ನೂ ಹೊಸ ಅಂಕಿಯನ್ನೂ ಒಟ್ಟಿಗೆ ಬರೆದು ಮೇಲಿನವರಿಗೆ ಕಳಿಸಿದರು. ಬೈಗುಳವೂ ಬಂತು, ಬೆನ್ನು ತಟ್ಟಿದ್ದೂ ಆಯಿತು. ಯಾರ ಕೆಲಸವೂ ಹೋಗಲಿಲ್ಲ.

ಕೆರೆ ಮಾತ್ರ ಅವಸರ ಮಾಡಲಿಲ್ಲ. ಮೊದಲ ಬೇಸಿಗೆ ಮತ್ತೆ ಹಸಿರಾಯಿತು. ತಳದ ಮಣ್ಣಿನಲ್ಲಿ ವರ್ಷಗಳ ಸಂಗ್ರಹವಿತ್ತು. ನೀಲಕ್ಕ ಆ ಬೇಸಿಗೆಯೆಲ್ಲ ಸಪ್ಪಗಿದ್ದಳು. ಎರಡನೆಯ ಬೇಸಿಗೆ ಪಾಚಿ ದಡದ ಅಂಚಿಗಷ್ಟೇ ಬಂದು ನಿಂತಿತು. ಮೂರನೆಯ ಬೇಸಿಗೆಯ ಒಂದು ಬೆಳಿಗ್ಗೆ ದೋಣಿಯವನು ಘಟಕದ ಗೇಟಿಗೆ ಬಂದು, "ಆ ನೀಲಕ್ಕ ಅನ್ನೋರು ಯಾರು? ಕರ್ಕೊಂಡು ಬನ್ನಿ" ಎಂದ. ಗಂಡ ಹೆಂಡತಿ ಇಬ್ಬರೂ ಅವನ ದೋಣಿ ಹತ್ತಿದರು.

ಕೆರೆಯ ನಡುವಿಗೆ ಹೋಗಿ ಅವನು ಹುಟ್ಟು ನಿಲ್ಲಿಸಿದ. ನೀರು ಎಷ್ಟು ತಿಳಿಯಿದೆಯೆಂದು ನೋಡಲು ಅವನ ಬಳಿ ಹಗ್ಗ ಕಟ್ಟಿದ ಒಂದು ಬಿಳಿಯ ತಟ್ಟೆ ಇತ್ತು. ಹಸಿರಿನ ವರ್ಷಗಳಲ್ಲಿ ಅದು ಒಂದು ಗೇಣಿಗೇ ಮಾಯವಾಗುತ್ತಿತ್ತಂತೆ. ಈಗ ಅವನು ತಟ್ಟೆಯನ್ನು ಇಳಿಬಿಟ್ಟ. ಒಂದು ಮೊಳ. ಎರಡು ಮೊಳ. ಮೂರು. ತಟ್ಟೆ ಬಿಳಿಯಾಗಿಯೇ ಇತ್ತು. ನಾಲ್ಕನೆಯ ಮೊಳದಲ್ಲಿ ಅದು ಹಸಿರು ಛಾಯೆಯಲ್ಲಿ ನಡುಗುತ್ತ ನಿಂತಿತು, ಇನ್ನೂ ಕಾಣುತ್ತಿತ್ತು. ದೋಣಿಯವನು ತನ್ನ ಕಣ್ಣನ್ನೇ ನಂಬದವನಂತೆ ಎಳೆದುಕೊಂಡು ಮತ್ತೆ ಇಳಿಸಿದ. ಮೂವರೂ ದೋಣಿಯ ಒಂದೇ ಮಗ್ಗುಲಿಗೆ ಬಗ್ಗಿದ್ದರಿಂದ ದೋಣಿ ವಾಲಿತು.

"ಮಗುಚೀತು, ಆ ಕಡೆ ಕೂತ್ಕೊಳ್ಳಿ!" ಎಂದು ದೋಣಿಯವನು ಕೂಗಿದ. ಯಾರೂ ಕದಲಲಿಲ್ಲ, ಅವನೂ ಕದಲಲಿಲ್ಲ. ತಟ್ಟೆಯ ಕೆಳಗಿನ ಆಳದಲ್ಲಿ ಒಂದು ಸಣ್ಣ ಮೀನಿನ ಹಿಂಡು ಬೆಳಕನ್ನು ಒಮ್ಮೆಲೇ ತಿರುಗಿಸಿ ಹಾದುಹೋಯಿತು.